ಮಾತ್ರೆ ಸರ್ಕಾರದ್ದು, ಆರೈಕೆ ಸಿಸ್ಟರ್‌ಗಳದ್ದು, ನಡುವೆ ಯಾರೂ ಆಡದ ಒಂದು ಮಾತು

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನವರು. ನನ್ನ ಚಿಕ್ಕಪ್ಪನ ಮಗನಿಗೆ ಎಚ್‌ಐವಿ ಇರುವುದು ಎರಡು ವರ್ಷದ ಹಿಂದೆ ಗೊತ್ತಾಯಿತು. ಮಾತ್ರೆಯನ್ನು ಶಿವಮೊಗ್ಗದ ಸರ್ಕಾರಿ ಆಸ್ಪತ್ರೆಯಿಂದ ತರುತ್ತಾನೆ. ಜ್ವರ, ಭೇದಿ ಅಂದರೆ ಹತ್ತಿರದಲ್ಲೇ ಇರುವ ಸಿಸ್ಟರ್‌ಗಳ, ಅಂದರೆ ಕ್ಯಾಥೊಲಿಕ್ ಸನ್ಯಾಸಿನಿಯರ, ಆಸ್ಪತ್ರೆಗೆ ಹೋಗುತ್ತಾನೆ. ಅಲ್ಲಿ ಮನೆಯವರಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೆ ಕಾಂಡೋಮ್ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ. ಅವನ ಹೆಂಡತಿಗೆ ಸೋಂಕಿಲ್ಲ. ಈ ವಿಷಯದಲ್ಲಿ ಕ್ಯಾಥೊಲಿಕ್ ಚರ್ಚಿಗೂ ಸರ್ಕಾರಕ್ಕೂ ಆಗಿಬರುವುದಿಲ್ಲ ಅಂತ ಕೇಳಿದ್ದೇನೆ. ಹಾಗಿದ್ದ ಮೇಲೆ ಸರ್ಕಾರ ಇವರ ಜೊತೆ ಕೈ ಜೋಡಿಸಿದ್ದು ಯಾಕೆ? ನಾವು ಅಲ್ಲಿಗೆ ಹೋಗುವುದು ಸರಿಯಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಹೋಗಿ. ಧಾರಾಳವಾಗಿ ಹೋಗಿ. ಆದರೆ ಅಲ್ಲಿ ಸಿಗದ ಆ ಒಂದು ಮಾತನ್ನು ಬೇರೆ ಕಡೆ ಕೇಳಿ ತಿಳಿದುಕೊಳ್ಳಲೇಬೇಕು. ನಿಮ್ಮ ತಮ್ಮನ ಹೆಂಡತಿಯ ಆರೋಗ್ಯ ಆ ಮಾತಿನ ಮೇಲೆ ನಿಂತಿದೆ. ಎಲ್ಲಿ, ಹೇಗೆ ಅಂತ ಮುಂದೆ ಬರೆಯುತ್ತೇನೆ.

ನನ್ನ ಬಗ್ಗೆ ಒಂದೆರಡು ಮಾತು ಹೇಳಿಬಿಡುತ್ತೇನೆ, ನನ್ನ ಮಾತನ್ನು ಎಷ್ಟು ನಂಬಬೇಕು ಅಂತ ನಿಮಗೆ ಗೊತ್ತಾಗಲಿ. ನಾನು ಚರ್ಚಿಗೆ ಹೋಗುವವನಲ್ಲ. ಸರ್ಕಾರಿ ವೈದ್ಯನಾಗಿ ಮಲೆನಾಡಿನಲ್ಲೇ ಸೇವೆ ಮುಗಿಸಿದವನು. ಸಿಸ್ಟರ್‌ಗಳ ಜೊತೆ ಕೆಲಸ ಮಾಡಿದ್ದೇನೆ, ಜಗಳವನ್ನೂ ಆಡಿದ್ದೇನೆ. ಹಾಗಾಗಿ ಎರಡೂ ಕಡೆಯ ಲೆಕ್ಕ ನನ್ನ ಹತ್ತಿರ ಇದೆ.

ಸರ್ಕಾರ ಇವರ ಜೊತೆ ಕೈ ಜೋಡಿಸಿದ್ದು ಯಾಕೆ ಅನ್ನುವುದಕ್ಕೆ, ಮಾತ್ರೆ ಇಲ್ಲದಿದ್ದ ಕಾಲವನ್ನು ನೆನಪಿಸಿಕೊಳ್ಳಬೇಕು. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾಗಿದ್ದು 1986ರಲ್ಲಿ, ಚೆನ್ನೈನಲ್ಲಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನಾವು ನ್ಯಾಕೋ ಅನ್ನುವುದು, ಹುಟ್ಟಿದ್ದು 1992ರಲ್ಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಎಆರ್‌ಟಿ ಮಾತ್ರೆ, ಅಂದರೆ ವೈರಸ್ಸನ್ನು ಹತೋಟಿಯಲ್ಲಿಡುವ ಮಾತ್ರೆ, ಉಚಿತವಾಗಿ ಸಿಗಲು ಶುರುವಾಗಿದ್ದು 2004ರ ಏಪ್ರಿಲ್ 1ರಂದು. ಅದೂ ದೇಶದಲ್ಲಿ ಎಂಟೇ ಎಂಟು ಆಸ್ಪತ್ರೆಗಳಲ್ಲಿ. ಅಂದರೆ 1986ರಿಂದ 2004ರವರೆಗೆ ಹದಿನೆಂಟು ವರ್ಷ ಬಡವರಿಗೆ ಕೊಡಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಗೋಡೆ ಮೇಲೆ ಬರೆಸುತ್ತಿದ್ದೆವು. ಪೋಸ್ಟರ್ ಅಂಟಿಸುತ್ತಿದ್ದೆವು. ಆಗಿನ ಕೆಲವು ಪೋಸ್ಟರ್‌ಗಳಲ್ಲಿ ತಲೆಬುರುಡೆಯ ಚಿತ್ರ ಬೇರೆ. ಜನ ರೋಗಕ್ಕೆ ಹೆದರುವ ಬದಲು ರೋಗಿಗೆ ಹೆದರಿದರು. ಅದರಲ್ಲಿ ನಮ್ಮ ಇಲಾಖೆಯ ಪಾಲೂ ಇದೆ, ಒಪ್ಪಿಕೊಳ್ಳಬೇಕು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕಂಡದ್ದು ಇದು. ಜಿಲ್ಲೆಯ ಒಂದು ಆಸ್ಪತ್ರೆ, ಹೆಸರು ಬೇಡ. ಲಾರಿ ಚಾಲಕನೊಬ್ಬನನ್ನು ವಾರ್ಡಿನಿಂದ ಹೊರಗೆ, ವರಾಂಡದ ತುದಿಯಲ್ಲಿ ಮಲಗಿಸಿದ್ದರು. ಮಂಚಕ್ಕೆ ಕೆಂಪು ಶಾಯಿಯಲ್ಲಿ ಬರೆದ ಚೀಟಿ. ಊಟದ ತಟ್ಟೆಯನ್ನು ಕಾಲಿನಿಂದ ಮುಂದಕ್ಕೆ ದೂಡಿದ್ದನ್ನು ನಾನೇ ನೋಡಿದೆ. ಮನೆಯವರು ಎರಡು ದಿನ ಬಂದರು, ಮೂರನೇ ದಿನದಿಂದ ಬರಲಿಲ್ಲ. ಆತನನ್ನು ಎಲ್ಲಿಗೆ ಕಳಿಸುವುದು? ಕೊನೆಗೆ ಜೀಪಿನಲ್ಲಿ ಬಂದು ಕರೆದುಕೊಂಡು ಹೋದವರು ಇಬ್ಬರು ಸಿಸ್ಟರ್‌ಗಳು. ಆತ ಆರು ವಾರ ಬದುಕಿದ್ದ. ಆ ಆರು ವಾರ ಹಾಸಿಗೆ ಒದ್ದೆಯಾದಾಗ ಬದಲಾಯಿಸುವವರು ಇದ್ದರು. ಅಷ್ಟೇ ಚಿಕಿತ್ಸೆ. ಆಗ ಅದಕ್ಕಿಂತ ಜಾಸ್ತಿ ಚಿಕಿತ್ಸೆ ನನ್ನ ಹತ್ತಿರವೂ ಇರಲಿಲ್ಲ.

ಇದು ನಮ್ಮ ಜಿಲ್ಲೆಯ ಒಂದು ಘಟನೆ ಮಾತ್ರ ಅಲ್ಲ. ಮದರ್ ತೆರೇಸಾ ಅವರು ನ್ಯೂಯಾರ್ಕ್‌ನಲ್ಲಿ ಏಡ್ಸ್ ರೋಗಿಗಳಿಗಾಗಿ ಮನೆ ತೆರೆದದ್ದು 1985ರ ಕ್ರಿಸ್‌ಮಸ್ ಹಿಂದಿನ ದಿನ. ಬೆಂಗಳೂರಿನಲ್ಲಿ ಕ್ಯಾಮಿಲಿಯನ್ ಸಭೆಯ ಫಾದರ್‌ಗಳು ಸ್ನೇಹದಾನ್ ಅನ್ನುವ ಆರೈಕೆ ಕೇಂದ್ರ ಶುರು ಮಾಡಿದ್ದು 1997ರಲ್ಲಿ, ಉಚಿತ ಮಾತ್ರೆ ಬರುವುದಕ್ಕೆ ಏಳು ವರ್ಷ ಮೊದಲು. ಇನ್ನೂ ಹಿಂದಕ್ಕೆ ಹೋದರೆ ಮಂಗಳೂರಿನಲ್ಲಿ ಫಾದರ್ ಮುಲ್ಲರ್ ಅವರು 1880ರಲ್ಲಿ ಹೋಮಿಯೋಪಥಿ ಔಷಧಿ ಕೊಡಲು ಶುರು ಮಾಡಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಮನೆಯವರು ಹೊರಗೆ ಹಾಕಿದವರನ್ನು ಒಳಗೆ ಕರೆದುಕೊಳ್ಳುವುದು ಇವರಿಗೆ ಹೊಸದೇನಲ್ಲ. ಕುಷ್ಠ ಹೋಗಿ ಏಡ್ಸ್ ಬಂದಿತ್ತು, ಅಷ್ಟೇ.

ಮಲೆನಾಡಿಗೆ ಇವರು ಬಂದದ್ದೂ ಅದೇ ಕರಾವಳಿಯಿಂದ. ಕಾಫಿ, ಅಡಿಕೆ ತೋಟದ ಕೆಲಸಕ್ಕೆ ಘಟ್ಟ ಹತ್ತಿದ ಕೊಂಕಣಿ ಕ್ಯಾಥೊಲಿಕರ ಹಿಂದೆ ಚರ್ಚು ಬಂತು, ಚರ್ಚಿನ ಹಿಂದೆ ಶಾಲೆ, ಅದರ ಪಕ್ಕ ಚಿಕ್ಕ ಔಷಧಾಲಯ. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ, ಆಯಿತು. ಅದರಿಂದ ಬೇರೆಯಾಗಿ 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯ. ಲೆಕ್ಕಕ್ಕೆ ಕ್ಯಾಥೊಲಿಕರು ಇಲ್ಲಿ ಬೆರಳೆಣಿಕೆಯವರು. ಆದರೆ ಅವರ ಔಷಧಾಲಯಕ್ಕೆ ಬರುವವರಲ್ಲಿ ನೂರಕ್ಕೆ ತೊಂಬತ್ತು ಜನ ಕ್ಯಾಥೊಲಿಕರಲ್ಲ ಅಂದರೆ ತಪ್ಪಾಗಲಾರದು. ಡಾಕ್ಟರ್ ಹುದ್ದೆ ವರ್ಷಗಟ್ಟಲೆ ಖಾಲಿ ಬಿದ್ದ ಸರ್ಕಾರಿ ಆರೋಗ್ಯ ಕೇಂದ್ರಗಳ ನಡುವೆ, ಮಳೆಗಾಲದಲ್ಲೂ ಬಾಗಿಲು ತೆರೆದಿರುವ ಒಂದು ಜಾಗ ಅಂದರೆ ಅದೇ. ಸರ್ಕಾರಕ್ಕೆ ಬೇಕಾಗಿದ್ದದ್ದು ಅದು. ಹಾಸಿಗೆ, ನರ್ಸು, ಮತ್ತೆ ಹೇಸಿಕೊಳ್ಳದ ಕೈ. ಧರ್ಮಶಾಸ್ತ್ರ ಸರ್ಕಾರಕ್ಕೆ ಬೇಕಾಗಿರಲಿಲ್ಲ.

ಈಗ ಜಗಳಕ್ಕೆ ಬರೋಣ.

ಕ್ಯಾಥೊಲಿಕ್ ಚರ್ಚು ಕಾಂಡೋಮನ್ನು ಒಪ್ಪದಿರುವುದು ಏಡ್ಸ್ ಬಂದ ಮೇಲಲ್ಲ. 1968ರಲ್ಲಿ ಆರನೇ ಪೋಪ್ ಪೌಲ್ ಅವರು ಕೃತಕ ಗರ್ಭನಿರೋಧಕ ಯಾವುದೂ ಬೇಡ ಅಂತ ಬರೆದರು. ಆಗ ಏಡ್ಸ್ ಅನ್ನುವ ಪದವೇ ಇರಲಿಲ್ಲ. ಗರ್ಭ ತಡೆಯುವ ಬಗ್ಗೆ ಬರೆದ ನಿಯಮವನ್ನು ಸಾವು ತಡೆಯುವ ವಸ್ತುವಿಗೂ ಅನ್ವಯಿಸಬೇಕಾ ಅನ್ನುವುದೇ ಮುಂದಿನ ನಲವತ್ತು ವರ್ಷದ ತಕರಾರು. ಚರ್ಚಿನ ಒಳಗೇ ಇದಕ್ಕೆ ಒಂದೇ ಉತ್ತರ ಇರಲಿಲ್ಲ. 2001ರಲ್ಲಿ ದಕ್ಷಿಣ ಆಫ್ರಿಕಾದ ಬಿಷಪ್‌ಗಳು ಸೇರಿ ಕಾಂಡೋಮ್ ಪ್ರಚಾರವನ್ನು ವಿರೋಧಿಸಿದರು. ಆದರೆ ಅದೇ ಪತ್ರದಲ್ಲಿ, ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಸೋಂಕಿದ್ದರೆ ತಮ್ಮ ಆತ್ಮಸಾಕ್ಷಿಯಂತೆ ನಡೆಯಲಿ ಅಂತ ಒಂದು ಕಿಟಕಿ ತೆರೆದಿಟ್ಟರು. ಎರಡು ವರ್ಷದ ಮೇಲೆ, 2003ರಲ್ಲಿ, ವ್ಯಾಟಿಕನ್‌ನ ಕಾರ್ಡಿನಲ್ ಟ್ರುಜಿಲ್ಲೊ ಅವರು ರಬ್ಬರಿನ ಸಣ್ಣ ತೂತುಗಳಲ್ಲಿ ವೈರಸ್ ನುಸುಳಿ ಹೋಗುತ್ತದೆ ಅಂದರು. ಅದು ಶುದ್ಧ ತಪ್ಪು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಆಗಲೇ ತಳ್ಳಿಹಾಕಿತು. ನಂಬಿಕೆಯ ಕಾರಣಕ್ಕೆ ಬೇಡ ಅನ್ನುವುದು ಒಂದು, ವಿಜ್ಞಾನದ ಹೆಸರಿನಲ್ಲಿ ಸುಳ್ಳು ಹೇಳುವುದು ಇನ್ನೊಂದು. ಮೊದಲನೆಯದರ ಜೊತೆ ನಾನು ಹೇಗೋ ಕೆಲಸ ಮಾಡಬಲ್ಲೆ. ಎರಡನೆಯದರ ಜೊತೆ ಆಗಲ್ಲ.

2009ರ ಮಾರ್ಚ್‌ನಲ್ಲಿ ಪೋಪ್ ಬೆನೆಡಿಕ್ಟ್ ಅವರು ಕ್ಯಾಮರೂನ್‌ಗೆ ಹೋಗುವ ವಿಮಾನದಲ್ಲಿ, ಕಾಂಡೋಮ್ ಹಂಚಿದರೆ ಸಮಸ್ಯೆ ತೀರಲ್ಲ, ಇನ್ನೂ ಹೆಚ್ಚಾಗುತ್ತದೆ ಅನ್ನುವ ಅರ್ಥದ ಮಾತಾಡಿದರು. ಜಗತ್ತಿನಾದ್ಯಂತ ಗಲಾಟೆ ಆಯಿತು. ಮರುವರ್ಷ ಅವರೇ ಒಂದು ಸಂದರ್ಶನದಲ್ಲಿ, ಲೈಂಗಿಕ ಕೆಲಸ ಮಾಡುವ ಒಬ್ಬ ಸೋಂಕು ಹರಡಬಾರದು ಅಂತ ಕಾಂಡೋಮ್ ಬಳಸಿದರೆ ಅದು ಜವಾಬ್ದಾರಿಯ ಮೊದಲ ಹೆಜ್ಜೆ ಇರಬಹುದು ಅಂದರು. ನಿಯಮ ಬದಲಾಗಲಿಲ್ಲ. ಆದರೆ ದನಿ ಸ್ವಲ್ಪ ಮೆತ್ತಗಾಯಿತು.

ಭಾರತದ ಬಿಷಪ್‌ಗಳ ಮಂಡಳಿ 2005ರಲ್ಲೇ ಎಚ್‌ಐವಿ ಬಗ್ಗೆ ತನ್ನದೇ ನೀತಿ ಹೊರಡಿಸಿತ್ತು. ಅದರ ಒತ್ತು ಸೋಂಕಿತರನ್ನು ಭೇದ ಮಾಡದೆ ನೋಡಿಕೊಳ್ಳುವುದರ ಮೇಲೆ. ತಡೆಗಟ್ಟುವ ಮಾತು ಬಂದರೆ ಸಂಯಮ, ನಿಷ್ಠೆ. ನೀತಿ ಏನೇ ಇರಲಿ, ನಮ್ಮ ಕಡೆ ನಡೆದದ್ದು ಹೇಗೆ ಅಂತ ಹೇಳುತ್ತೇನೆ. ತರಬೇತಿಗೆ ಸಿಸ್ಟರ್‌ಗಳೂ ಬರುತ್ತಿದ್ದರು. ಕಾಂಡೋಮ್ ಪ್ರಾತ್ಯಕ್ಷಿಕೆಗೆ ಒಂದು ಮರದ ಮಾದರಿ ಇರುತ್ತಿತ್ತು. ಆ ಪಾಠ ಬಂದಾಗ ಕೆಲವರು ಎದ್ದು ಕಾಫಿಗೆ ಹೋಗುತ್ತಿದ್ದರು. ಕೆಲವರು ಕೂತು ಪೂರ್ತಿ ನೋಟ್ಸ್ ಬರೆದುಕೊಳ್ಳುತ್ತಿದ್ದರು. ಒಬ್ಬ ಹಿರಿಯ ಸಿಸ್ಟರ್ ನನಗೆ ಹೇಳಿದ್ದು ಇಷ್ಟು: "ನಾವು ಹಂಚಲ್ಲ ಡಾಕ್ಟ್ರೇ. ನೀವು ಹೇಳೋದನ್ನ ತಡೆಯೋದೂ ಇಲ್ಲ." ಅವರು ರೋಗಿಯ ಕೈಗೆ ಚೀಟಿ ಕೊಟ್ಟು ಐಸಿಟಿಸಿಗೆ, ಅಂದರೆ ಸರ್ಕಾರಿ ಆಸ್ಪತ್ರೆಯ ಆಪ್ತ ಸಮಾಲೋಚನೆ ಕೋಣೆಗೆ, ಕಳಿಸುತ್ತಿದ್ದರು. ಅಲ್ಲಿ ಕೌನ್ಸೆಲರ್ ಬಾಗಿಲು ಹಾಕಿಕೊಂಡು ಉಳಿದದ್ದನ್ನು ಹೇಳುತ್ತಿದ್ದರು. ಬರಹದಲ್ಲಿ ಇಲ್ಲದ ಒಪ್ಪಂದ ಇದು. ಹತ್ತು ಹನ್ನೆರಡು ವರ್ಷ ಚೆನ್ನಾಗಿಯೇ ನಡೆಯಿತು. ಲೈಂಗಿಕ ಕೆಲಸದ ಮಹಿಳೆಯರು, ಲಾರಿಯವರು, ಸಲಿಂಗಿ ಗಂಡಸರು, ಇವರ ನಡುವೆ ಕಾಂಡೋಮ್ ಹಂಚುವ ಕೆಲಸಕ್ಕೆ ಸರ್ಕಾರ ಬೇರೆ ಸಂಸ್ಥೆಗಳನ್ನೇ ಹಿಡಿದಿತ್ತು. ಚರ್ಚಿನವರಿಗೆ ಆರೈಕೆಯ ಕೆಲಸ ಕೊಟ್ಟಿತು. ಜಗಳವಾಡುವವರನ್ನು ಎರಡು ಕೋಣೆಯಲ್ಲಿ ಕೂರಿಸಿದ ಹಾಗೆ.

ಹಾಗಂತ ಸರ್ಕಾರ ಮುಂದೆ, ಚರ್ಚು ಹಿಂದೆ ಅಂತ ಸುಮ್ನೆ ತೀರ್ಮಾನ ಮಾಡಬೇಡಿ. ಲೈಂಗಿಕತೆ, ಎಚ್‌ಐವಿ ಬಗ್ಗೆ ಶಾಲೆಗಳಲ್ಲಿ ತಿಳಿಸುವ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ನಿಲ್ಲಿಸಿದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ನಿಲ್ಲಿಸಿದ್ದು ಸರ್ಕಾರವೇ. ಸಂಸ್ಕೃತಿಯ ಹೆಸರಿನಲ್ಲಿ. ಇನ್ನೊಂದು ಕಡೆ, 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಂ ಮತ್ತೆ ಜಾರಿಗೆ ತಂದಾಗ, ಸಲಿಂಗಿಗಳನ್ನು ಚರ್ಚು ಎಂದೂ ಅಪರಾಧಿಗಳು ಅಂದಿಲ್ಲ ಅಂತ ಹೇಳಿದವರು ಮುಂಬೈನ ಕಾರ್ಡಿನಲ್ ಗ್ರೇಷಿಯಸ್. ಸಲಿಂಗ ಮದುವೆ ಮಾತ್ರ ಒಪ್ಪಲ್ಲ ಅಂತ ಜೊತೆಗೇ ಸೇರಿಸಿದರು. ಕಾಯಿಲೆ ಮತ್ತು ಲಜ್ಜೆ ಒಟ್ಟಿಗೆ ಬಂದಾಗ ಯಾರು ಯಾವ ಕಡೆ ನಿಲ್ಲುತ್ತಾರೆ ಅಂತ ಮೊದಲೇ ಹೇಳಲಿಕ್ಕಾಗಲ್ಲ. ನಮ್ಮ ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡಿದ್ದು, ಇವತ್ತಿಗೂ ಉಣ್ಣಿ ಕಚ್ಚದ ಹಾಗೆ ಮೈಗೆ ಹಚ್ಚುವ ಎಣ್ಣೆ ಹಂಚುತ್ತೇವೆ. ಆ ಎಣ್ಣೆಯಿಂದ ಯಾವ ಗುಡಿಗೂ, ಯಾವ ಚರ್ಚಿಗೂ ಮುಜುಗರ ಇಲ್ಲ. ಎಚ್‌ಐವಿಗೂ ಉಣ್ಣಿಯೇ ಕಾರಣ ಆಗಿದ್ದರೆ ನಿಮ್ಮ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ, ಅಲ್ವಾ?

ನನ್ನನ್ನು ಕೇಳಿದರೆ, ಮಲೆನಾಡಿನಲ್ಲಿ ಜನರಿಗೆ ನಿಜವಾದ ಪೆಟ್ಟು ಬಿದ್ದದ್ದು ಕಾಂಡೋಮ್ ಜಗಳದಿಂದಲ್ಲ. ದುಡ್ಡಿನಿಂದ ಬಿತ್ತು, ಹಾಸಿಗೆಯ ಲೆಕ್ಕದಿಂದ ಬಿತ್ತು. ಇದು ಸುದ್ದಿಯಾಗುವುದಿಲ್ಲ. ಪೋಪ್ ವಿಮಾನದಲ್ಲಿ ಏನಂದರು ಅನ್ನುವುದು ಸುದ್ದಿಯಾಗುತ್ತದೆ.

ನ್ಯಾಕೋದ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೇ ಹಂತ 2007ರಲ್ಲಿ ಶುರುವಾಯಿತು. ಆಗ ಸಮುದಾಯ ಆರೈಕೆ ಕೇಂದ್ರ ಅಂತ ಒಂದು ವ್ಯವಸ್ಥೆ ದೊಡ್ಡದಾಗಿ ಬೆಳೆಯಿತು. ನಾವೆಲ್ಲ ಸಿಸಿಸಿ ಅನ್ನುತ್ತಿದ್ದೆವು. ಹತ್ತು ಹಾಸಿಗೆಯ ಚಿಕ್ಕ ಜಾಗ. ಖರ್ಚು ಸರ್ಕಾರದ ಮೂಲಕ, ಅದರಲ್ಲಿ ಗ್ಲೋಬಲ್ ಫಂಡ್ ಅನ್ನುವ ಅಂತರರಾಷ್ಟ್ರೀಯ ನಿಧಿಯ ಹಣವೂ ಇತ್ತು. ನಡೆಸುವವರು ಸಂಘ ಸಂಸ್ಥೆಗಳು. ಅದರಲ್ಲಿ ಬಹಳಷ್ಟು ಚರ್ಚಿಗೆ ಸೇರಿದವು. ಹೊಸದಾಗಿ ಮಾತ್ರೆ ಶುರು ಮಾಡುವವರು ಮೊದಲು ಐದು ದಿನ ಅಲ್ಲಿ ಇರಬೇಕಿತ್ತು. ಐದು ದಿನ ಯಾಕೆ ಅಂತ ಕೇಳಬಹುದು. ಆಗಿನ ಮಾತ್ರೆಗಳು ಈಗಿನ ಹಾಗಲ್ಲ. ನೆವಿರಪಿನ್‌ಗೆ ಮೈಯೆಲ್ಲ ಗಂಧೆ ಏಳುತ್ತಿತ್ತು. ಜಿಡೋವುಡಿನ್‌ಗೆ ರಕ್ತ ಕಡಿಮೆಯಾಗುತ್ತಿತ್ತು. ಎಫಾವಿರೆಂಜ್ ನುಂಗಿದ ರಾತ್ರಿ ಕೆಟ್ಟ ಕನಸು. ಹೊಟ್ಟೆ ತೊಳಸುತ್ತದೆ ಅಂತ ಮೂರನೇ ದಿನಕ್ಕೆ ಬಿಟ್ಟುಬಿಟ್ಟರೆ ವೈರಸ್ ಆ ಔಷಧಿಗೆ ಬಗ್ಗದ ಹಾಗೆ ಆಗುತ್ತದೆ. ಆದ್ದರಿಂದ ಐದು ದಿನ ಪಕ್ಕದಲ್ಲಿ ಕೂತು, ನುಂಗಿಸಿ, ಊಟ ಕೊಟ್ಟು, ಹೆದರಬೇಡ ಅಂತ ಹೇಳುವವರು ಬೇಕಿತ್ತು. ಸರ್ಕಾರಿ ಆಸ್ಪತ್ರೆಯ ಗಲಾಟೆಯಲ್ಲಿ ಇದು ಆಗದ ಮಾತು. ಸಿಸ್ಟರ್‌ಗಳಿಗೆ ಇದು ನೀರು ಕುಡಿದಷ್ಟು ಸುಲಭ.

ಘಟ್ಟದ ಜನರಿಗೆ ಆ ಹಾಸಿಗೆಯ ಬೆಲೆ ಇನ್ನೂ ಜಾಸ್ತಿ. ಆಗುಂಬೆ ಕಡೆಯ ಒಬ್ಬರು ಶಿವಮೊಗ್ಗಕ್ಕೆ ಬಂದು, ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯಲ್ಲಿ ಸರದಿಯಲ್ಲಿ ನಿಂತು, ಮಾತ್ರೆ ತೆಗೆದುಕೊಂಡು ವಾಪಸ್ ಹೋಗುವಷ್ಟರಲ್ಲಿ ಕೊನೇ ಬಸ್ಸು ಹೋಗಿರುತ್ತಿತ್ತು. ಒಂದು ದಿನದ ಕೂಲಿಯೂ ಹೋಯಿತು. ಲಾಡ್ಜಿಗೆ ದುಡ್ಡಿಲ್ಲ, ನೆಂಟರ ಮನೆಗೆ ಹೋದರೆ ಯಾಕೆ ಬಂದಿರಿ ಅನ್ನುವ ಪ್ರಶ್ನೆ. ಕೆಲವರು ಗುರುತು ಸಿಗಬಾರದು ಅಂತಲೇ ಘಟ್ಟ ಇಳಿದು ಉಡುಪಿ ಕಡೆ ಹೋಗುತ್ತಿದ್ದರು. ಅಂಥವರಿಗೆಲ್ಲ ಒಂದು ರಾತ್ರಿ ತಲೆ ಇಡಲು ಸಿಸಿಸಿ ಇತ್ತು.

2013ರ ಹೊತ್ತಿಗೆ ಈ ವ್ಯವಸ್ಥೆಗೆ ಹಣ ನಿಂತಿತು. ಅದರ ಬದಲು ವಿಹಾನ್ ಅನ್ನುವ ಯೋಜನೆಯಲ್ಲಿ ಆರೈಕೆ ಮತ್ತು ಬೆಂಬಲ ಕೇಂದ್ರಗಳು ಬಂದವು. ಅವುಗಳಲ್ಲಿ ಹಾಸಿಗೆ ಇಲ್ಲ. ಮಾತ್ರೆ ಬಿಟ್ಟವರನ್ನು ಹುಡುಕುವುದು, ಸಲಹೆ ಕೊಡುವುದು, ಸರ್ಕಾರಿ ಸವಲತ್ತು ಕೊಡಿಸುವುದು, ಇಷ್ಟು ಕೆಲಸ. ಅನೇಕ ಕಡೆ ಸೋಂಕಿತರ ಸಂಘಗಳೇ ನಡೆಸುತ್ತವೆ, ಅದು ನನಗೆ ಇಷ್ಟವಾದ ವಿಷಯವೇ. ದೆಹಲಿಯ ಲೆಕ್ಕದಲ್ಲಿ ಈ ಬದಲಾವಣೆ ತಪ್ಪಲ್ಲ. ಮಾತ್ರೆ ಒಳ್ಳೆಯದಾಗಿತ್ತು, ಸಾಯುವವರು ಕಡಿಮೆಯಾಗಿದ್ದರು, ಎಆರ್‌ಟಿ ಕೇಂದ್ರಗಳು ಜಿಲ್ಲೆಗೂ ತಾಲ್ಲೂಕಿಗೂ ಹತ್ತಿರ ಬಂದಿದ್ದವು. ಆದರೆ ಕ್ಷಯವೂ ಸೇರಿಕೊಂಡು, ಎದ್ದು ಕೂರಲಾಗದೆ ಬಂದ ಕೂಲಿಯವನಿಗೆ ಲೆಕ್ಕದಿಂದ ಏನು ಉಪಯೋಗ? ಹಾಸಿಗೆ ಬೇಕು. ಹಣ ನಿಂತ ಮೇಲೂ ಕೆಲವು ಕಡೆ ಸಿಸ್ಟರ್‌ಗಳು ತಮ್ಮ ಕೈಯಿಂದ ನಡೆಸಿದರು. ಕೆಲವು ಕಡೆ ಬಾಗಿಲು ಹಾಕಿದರು. ಸರ್ಕಾರ ಕೈಬಿಟ್ಟಿತು ಅಂತ ಅವರಿಗೆ ಅನಿಸಿತು. ನಾವು ದುಡ್ಡು ಕೊಟ್ಟಷ್ಟು ದಿನ ಮಾತ್ರ ಸೇವೆಯಾ ಅಂತ ನಮ್ಮವರಲ್ಲಿ ಕೆಲವರು ಚುಚ್ಚಿದರು. ಆ ಮಾತು ಆಡಬಾರದಿತ್ತು.

ಆಮೇಲೆ 2020ರಲ್ಲಿ ವಿದೇಶಿ ದೇಣಿಗೆ ಕಾನೂನಿಗೆ ತಿದ್ದುಪಡಿ ಬಂತು. ಹೊರಗಿನಿಂದ ಹಣ ಪಡೆದ ಒಂದು ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಕೊಡುವ ಹಾಗಿಲ್ಲ. ಆಡಳಿತದ ಖರ್ಚು ನೂರಕ್ಕೆ ಐವತ್ತರ ಬದಲು ಇಪ್ಪತ್ತು ದಾಟಬಾರದು. ದೊಡ್ಡ ಸಂಸ್ಥೆಗಳು ಹೇಗೋ ಹೊಂದಿಕೊಂಡವು. ಪೆಟ್ಟು ಬಿದ್ದಿದ್ದು, ದೊಡ್ಡವರ ಹತ್ತಿರ ಸ್ವಲ್ಪ ಹಣ ಪಡೆದು ಕಾಡಿನ ನಡುವೆ ಮೂರು ಜನ ನಡೆಸುತ್ತಿದ್ದ ಚಿಕ್ಕ ಜಾಗಗಳಿಗೆ. ಹಣದ ಲೆಕ್ಕ ಸರಿಯಾಗಿರಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಇಪ್ಪತ್ತರ ಮಿತಿಯಲ್ಲಿ ಲೆಕ್ಕಿಗನಿಗೆ ಸಂಬಳ ಕೊಡುವುದು ಎಲ್ಲಿಂದ? 2022ರಲ್ಲಿ ಕರ್ನಾಟಕದಲ್ಲಿ ಬಂದ ಮತಾಂತರ ತಡೆ ಕಾನೂನಿನ ನಂತರ ಇನ್ನೊಂದು ಹಿಂಜರಿಕೆ ಸೇರಿಕೊಂಡಿತು. ಉಚಿತವಾಗಿ ಏನು ಕೊಟ್ಟರೂ ಆಮಿಷ ಅಂದುಬಿಟ್ಟರೆ ಅನ್ನುವ ಭಯ. ನಾನು ಕಂಡ ಮಟ್ಟಿಗೆ ಎಚ್‌ಐವಿ ರೋಗಿಯನ್ನು ಮತಾಂತರಕ್ಕೆ ಒತ್ತಾಯಿಸಿದ ಒಂದು ಪ್ರಸಂಗವೂ ನನಗೆ ಸಿಕ್ಕಿಲ್ಲ. ಗೋಡೆ ಮೇಲೆ ಶಿಲುಬೆ ಇರುತ್ತದೆ, ಸಂಜೆ ಪ್ರಾರ್ಥನೆ ಇರುತ್ತದೆ. ಅಷ್ಟು ಬಿಟ್ಟರೆ ಹಾಸಿಗೆಯಲ್ಲಿರುವವರು ತಮ್ಮ ರಾಯರ ಫೋಟೋ ತಲೆದಿಂಬಿನ ಕೆಳಗೆ ಇಟ್ಟುಕೊಂಡಿರುತ್ತಾರೆ. ಯಾರೂ ತೆಗೆ ಅಂದದ್ದಿಲ್ಲ.

ಆದರೆ ಪ್ರಾರ್ಥನೆಯ ವಿಷಯದಲ್ಲಿ ನನ್ನದೊಂದು ದೂರು ಇದೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಫಾದರ್ ಯಾರಿಗೂ ಹೇಳುವುದಿಲ್ಲ, ಅದು ಗಟ್ಟಿ ನಿಯಮ. ಗುಟ್ಟು ಸೋರುವ ದಾರಿ ಬೇರೆ. ಒಳ್ಳೆಯ ಮನಸ್ಸಿನಿಂದಲೇ ಯಾರೋ "ಇಂಥವರಿಗಾಗಿ ಪ್ರಾರ್ಥಿಸೋಣ" ಅಂತ ಹೆಸರು ಹೇಳಿಬಿಡುತ್ತಾರೆ. ಚಿಕ್ಕ ಊರು. ಪದೇ ಪದೇ ಆಸ್ಪತ್ರೆಗೆ ಹೋಗುವವನು, ಶಿವಮೊಗ್ಗದಿಂದ ಡಬ್ಬಿ ತರುವವನು, ಈಗ ಪ್ರಾರ್ಥನೆಯಲ್ಲೂ ಹೆಸರು. ಒಂದಕ್ಕೊಂದು ಕೂಡಿಸಲು ಎಷ್ಟು ಹೊತ್ತು? ನಮ್ಮ ಕಡೆಯ ಗುಟ್ಟು ಸೋರುವುದೂ ಕಡಿಮೆ ಏನಲ್ಲ ಬಿಡಿ. ಪಡಸಾಲೆಯಲ್ಲಿ ಹೆಸರು ಕೂಗುವುದು, ಫೈಲಿನ ಬಣ್ಣ ಬೇರೆ ಮಾಡುವುದು, ಎಲ್ಲ ನಡೆದಿದೆ.

ಈಗ ಇದಕ್ಕೆ ಕಾನೂನು ಇದೆ. 2017ರಲ್ಲಿ ಪಾಸಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಕಾಯ್ದೆ ಸರ್ಕಾರಿ ಆಸ್ಪತ್ರೆಗೂ ಒಂದೇ, ಸಿಸ್ಟರ್‌ಗಳ ಆಸ್ಪತ್ರೆಗೂ ಒಂದೇ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಸೋಂಕಿದೆ ಅಂತ ಚಿಕಿತ್ಸೆ ನಿರಾಕರಿಸುವಂತಿಲ್ಲ. ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಹೇಳುವಂತಿಲ್ಲ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಆಸ್ಪತ್ರೆಯಲ್ಲಿ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು. ಸಂಗಾತಿಗೆ ತಿಳಿಸುವ ಬಗ್ಗೆಯೂ ಕಾಯ್ದೆಯಲ್ಲಿ ಇದೆ. ಅದು ಡಾಕ್ಟರ್ ಅಥವಾ ಕೌನ್ಸೆಲರ್ ಮಾತ್ರ, ಮೊದಲು ಸೋಂಕಿತರಿಗೆ ತಿಳಿಹೇಳಿ, ಆಮೇಲೆ ಎದುರೆದುರೇ ಕೂತು ಮಾಡಬೇಕಾದ ಕೆಲಸ. ನರ್ಸ್ ಸಿಸ್ಟರ್ ಆಗಲಿ, ಫಾದರ್ ಆಗಲಿ, ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಆಗಲಿ ಮಾಡುವಂತಿಲ್ಲ. ಅಂದ ಹಾಗೆ, ಸೋಂಕು ತಡೆಯುವ ಕ್ರಮಗಳಿಗೆ ಅಡ್ಡಿ ಮಾಡುವಂತಿಲ್ಲ ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಕಾಂಡೋಮ್ ಹಂಚಿದ ಕಾರ್ಯಕರ್ತೆಯನ್ನು ಹಿಂದೆ ಪೊಲೀಸರು ಹಿಡಿದು ಕೂರಿಸುತ್ತಿದ್ದರು, ಆ ನೆನಪಿನಲ್ಲಿ ಬರೆದ ಕಲಂ ಇರಬೇಕು ಅದು.

ಇನ್ನು ನಿಮ್ಮ ತಮ್ಮ ಮತ್ತು ಅವರ ಹೆಂಡತಿ. ಇಂಥ ಜೋಡಿಯನ್ನು ನಮ್ಮ ಭಾಷೆಯಲ್ಲಿ ಡಿಸ್ಕಾರ್ಡಂಟ್ ಕಪಲ್ ಅನ್ನುತ್ತಾರೆ. ಒಬ್ಬರಿಗೆ ಇದೆ, ಒಬ್ಬರಿಗೆ ಇಲ್ಲ. ಚರ್ಚಿನ ಮೌನ ನಿಜವಾಗಿ ಅಪಾಯಕ್ಕೆ ತಿರುಗುವುದು ಇಲ್ಲಿಯೇ. ಗಂಡನಿಗೆ ನಿಷ್ಠೆಯಾಗಿರು ಅಂತ ಆಕೆಗೆ ಹೇಳಿದರೆ ಏನು ಪ್ರಯೋಜನ? ಆಕೆ ನಿಷ್ಠೆಯಾಗಿಯೇ ಇದ್ದಾಳೆ. ಆಕೆಗೆ ಅಪಾಯ ಇರುವುದು ಆ ನಿಷ್ಠೆಯ ಒಳಗೇ.

ಆದರೆ ಇಲ್ಲೇ ಒಳ್ಳೆಯ ಸುದ್ದಿಯೂ ಇದೆ. 2011ರಲ್ಲಿ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಒಂಬತ್ತು ದೇಶಗಳ 1,763 ಇಂಥ ಜೋಡಿಗಳು ಅದರಲ್ಲಿದ್ದರು. ನಮ್ಮ ಚೆನ್ನೈ, ಪುಣೆಯವರೂ ಇದ್ದರು. ಸೋಂಕಿತರು ಬೇಗ ಮಾತ್ರೆ ಶುರು ಮಾಡಿದರೆ ಸಂಗಾತಿಗೆ ಹರಡುವುದು ಶೇಕಡ 96ರಷ್ಟು ಕಡಿಮೆಯಾಗುತ್ತದೆ ಅಂತ ಅದು ತೋರಿಸಿತು. ಮುಂದಿನ ಅಧ್ಯಯನಗಳಲ್ಲಿ ಇನ್ನೂ ಸ್ಪಷ್ಟವಾಯಿತು. ಮಾತ್ರೆ ತಪ್ಪದೆ ತೆಗೆದುಕೊಂಡು, ರಕ್ತದಲ್ಲಿ ವೈರಸ್ ಪರೀಕ್ಷೆಗೆ ಕಾಣದಷ್ಟು ಇಳಿದರೆ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ. ಭಾರತದಲ್ಲಿ 2017ರಿಂದ ಸೋಂಕು ಗೊತ್ತಾದ ಕೂಡಲೇ ಎಲ್ಲರಿಗೂ ಮಾತ್ರೆ ಶುರು ಮಾಡುತ್ತಾರೆ. ಸಿಡಿಫೋರ್, ಅಂದರೆ ರೋಗ ತಡೆಯುವ ರಕ್ತಕಣಗಳ ಲೆಕ್ಕ, ಇಳಿಯುವವರೆಗೆ ಕಾಯುವುದಿಲ್ಲ.

ಇದರಿಂದ ಆದ ಬದಲಾವಣೆಯನ್ನು ಯಾರೂ ಅಷ್ಟಾಗಿ ಗಮನಿಸಿಲ್ಲ. ದಿನಕ್ಕೊಂದು ಮಾತ್ರೆ ನುಂಗುವುದಕ್ಕೆ ಯಾವ ಪೋಪ್ ಕೂಡ ಬೇಡ ಅಂದಿಲ್ಲ. ಯಾವ ಸಿಸ್ಟರ್ ಕೂಡ ಅದನ್ನು ಹೇಳಲು ನಾಚುವುದಿಲ್ಲ. "ಮಾತ್ರೆ ತಗೊಂಡ್ಯಾ?" ಅಂತ ದಿನಾ ಕೇಳುವುದರಲ್ಲಿ ಅವರನ್ನು ಮೀರಿಸುವವರೇ ಇಲ್ಲ. ಗಂಡ ಮಾತ್ರೆ ತಪ್ಪಿಸದ ಹಾಗೆ ನೋಡಿಕೊಂಡರೆ ಹೆಂಡತಿಯನ್ನೂ ಕಾಪಾಡಿದ ಹಾಗೆ. ಚರ್ಚೂ ಸರ್ಕಾರವೂ ಮಾತಿನಲ್ಲಿ ಬಗೆಹರಿಸಲಾಗದ ತಕರಾರಿನ ಮುಕ್ಕಾಲು ಪಾಲನ್ನು ಒಂದು ಮಾತ್ರೆ ಸದ್ದಿಲ್ಲದೆ ಬಗೆಹರಿಸಿತು.

ಉಳಿದ ಕಾಲು ಪಾಲು ನಿಮ್ಮ ಕೆಲಸ. ವೈರಸ್ ಇಳಿದಿದೆ ಅಂತ ಸುಮ್ನೆ ಅಂದುಕೊಳ್ಳುವಂತಿಲ್ಲ, ಪರೀಕ್ಷೆ ಬೇಕು. ಅದರ ಹೆಸರು ವೈರಲ್ ಲೋಡ್. ಮಾತ್ರೆ ಶುರು ಮಾಡಿದ ಆರು ತಿಂಗಳಿಗೆ, ಹನ್ನೆರಡು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಎಆರ್‌ಟಿ ಕೇಂದ್ರದಲ್ಲಿ ಉಚಿತವಾಗಿ ಮಾಡಿಸುತ್ತಾರೆ. ನಿಮ್ಮ ತಮ್ಮನಿಗೆ ಅಲ್ಲಿ ಕೊಟ್ಟಿರುವ ಪುಸ್ತಕದಲ್ಲಿ ಕೊನೆಯ ವೈರಲ್ ಲೋಡ್ ಎಷ್ಟು ಅಂತ ಕೇಳಿ ಬರೆಸಿಕೊಳ್ಳಲಿ. ಆ ಸಂಖ್ಯೆ ಪರೀಕ್ಷೆಗೆ ಕಾಣದಷ್ಟು ಕೆಳಗೆ ಬಂದು ನಿಲ್ಲುವವರೆಗೆ ಕಾಂಡೋಮ್ ಬೇಕೇ ಬೇಕು. ಎರಡು ವರ್ಷ ಆಗಿದ್ದರೂ ನಡುವೆ ಮಾತ್ರೆ ಬಿಟ್ಟಿದ್ದರೆ ಲೆಕ್ಕ ಮತ್ತೆ ಮೊದಲಿನಿಂದ. ಹೆಂಡತಿ ಆರು ತಿಂಗಳಿಗೊಮ್ಮೆ ಐಸಿಟಿಸಿಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಲಿ. ಮಗು ಬೇಕು ಅನ್ನುವ ಯೋಚನೆ ಇದ್ದರೆ ಅದನ್ನೂ ಅಲ್ಲೇ ಕೇಳಲಿ. ಆಗುತ್ತದೆ, ದಾರಿ ಇದೆ. ಊರಲ್ಲಿ ಕೇಳಲು ಮುಜುಗರ ಅಂದರೆ 1097ಕ್ಕೆ ಫೋನ್ ಮಾಡಲಿ. ದುಡ್ಡಿಲ್ಲ, ಹೆಸರು ಹೇಳುವ ಅಗತ್ಯ ಇಲ್ಲ, ಕನ್ನಡದಲ್ಲೂ ಮಾತಾಡಬಹುದು.

ಸಿಸ್ಟರ್‌ಗಳ ಹತ್ತಿರ ಕಾಂಡೋಮ್ ಬಗ್ಗೆ ವಾದಕ್ಕೆ ಇಳಿಯಬೇಡಿ. ಅದರ ಬದಲು ನೇರವಾಗಿ ಕೇಳಿ: "ನೀವು ಹೇಳಲಾಗದ ವಿಷಯಕ್ಕೆ ಐಸಿಟಿಸಿಗೆ ಚೀಟಿ ಬರೆದು ಕೊಡ್ತೀರಾ?" ಕೊಡುತ್ತೇವೆ ಅಂದರೆ ಅದು ಒಳ್ಳೆಯ ಜಾಗ, ಬಿಡಬೇಡಿ. ಕಾಂಡೋಮ್‌ನಿಂದ ಪ್ರಯೋಜನವೇ ಇಲ್ಲ, ತೂತು ಇರುತ್ತದೆ ಅಂತ ಯಾರಾದರೂ ಹೇಳಿದರೆ ಮಾತ್ರ, ಜ್ವರಕ್ಕೆ ಅಲ್ಲಿಗೆ ಹೋಗಿ, ಸಲಹೆಗೆ ಬೇಡ.

ಇನ್ನೊಂದು. ಮಳೆ ಶುರುವಾಗುವುದಕ್ಕೆ ಮೊದಲು ಎಆರ್‌ಟಿ ಕೇಂದ್ರದಲ್ಲಿ ಎರಡು ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡುತ್ತಾರಾ ಅಂತ ವಿಚಾರಿಸಲಿ. ಕೋವಿಡ್ ಸಮಯದಲ್ಲಿ ಹಾಗೆ ಕೊಡುತ್ತಿದ್ದರು, ಸ್ಥಿರವಾಗಿರುವವರಿಗೆ ಈಗಲೂ ಕೇಳುವುದರಲ್ಲಿ ತಪ್ಪಿಲ್ಲ. ಜುಲೈನಲ್ಲಿ ಗುಡ್ಡ ಜರಿದು, ರಸ್ತೆ ಕಟ್ಟಿ, ಬಸ್ಸು ನಿಂತ ವಾರದಲ್ಲೇ ಡಬ್ಬಿ ಖಾಲಿಯಾಗುವುದನ್ನು ನಾನು ತುಂಬಾ ನೋಡಿದ್ದೇನೆ. ಹೋಗುವ ದಿನ ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಹೋಗಲಿ. ಕೌನ್ಸೆಲರ್ ಕೋಣೆಯಲ್ಲಿ ಕುರ್ಚಿ ಎರಡು ಇರುತ್ತವೆ.